ಪೇ ಸ್ಲಿಪ್ಪಿನಲ್ಲಿ 'ಸಿಂಗಲ್' ಅಂತಿತ್ತು

"ಮೇಡಂ, ಇವರು ಆಫೀಸಿನಲ್ಲಿ ತಮಗೆ ಮದುವೆಯೇ ಆಗಿಲ್ಲ ಅಂತ ಬರೆದುಕೊಟ್ಟಿದ್ದಾರೆ."

ಗಂಡನ ವಿಷಯಕ್ಕೆ ಸಲಹೆ ಕೇಳಿ ಬಂದ ಸುಮಾ ನನಗೆ ಹೇಳಿದ ಮೊದಲ ಮಾತು ಇದು. ಸುಮಾ ಅನ್ನೋದು ನಾನಿಟ್ಟ ಹೆಸರು, ಗುರುತು ಹತ್ತದ ಹಾಗೆ ಕೆಲವು ವಿವರಗಳನ್ನೂ ಆಚೀಚೆ ಮಾಡಿದ್ದೇನೆ. ವಯಸ್ಸು 29, ಹಾಸನದ ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. 2024ರ ಫೆಬ್ರವರಿಯಲ್ಲಿ ಮದುವೆ. ಗಂಡ, ಪ್ರಕಾಶ ಅಂತಿಟ್ಟುಕೊಳ್ಳಿ, ಓಹಾಯೋದ ಕೊಲಂಬಸ್‌ನಲ್ಲಿದ್ದಾನೆ, ಅಮೆರಿಕದ ಪೌರತ್ವವೂ ಸಿಕ್ಕಿದೆ. ಮದುವೆಯಾದ ಮೂರೇ ವಾರಕ್ಕೆ ಅವನು ವಿಮಾನ ಹತ್ತಿದ. ಇವಳು ವೀಸಾಕ್ಕೆ ಕಾಯುತ್ತಾ ತವರಿನಲ್ಲೇ ಉಳಿದಳು.

ಗಲಾಟೆ ಶುರುವಾದದ್ದು 2025ರ ಮಾರ್ಚ್‌ನಲ್ಲಿ. ಹೆಂಡತಿಯ ವೀಸಾಕ್ಕೆ ಗಂಡ ಐ-864 ಅನ್ನುವ ಪ್ರಮಾಣಪತ್ರ ಕೊಡಬೇಕು, ಇವಳನ್ನು ಸಾಕುವ ಹೊಣೆ ನನ್ನದು ಅಂತ. ಅದರ ಜೊತೆಗೆ ಟ್ಯಾಕ್ಸ್ ಕಾಗದ, ಪೇ ಸ್ಲಿಪ್ಪು ಎಲ್ಲ ಜೋಡಿಸಬೇಕು. ಪ್ರಕಾಶ ಎಲ್ಲವನ್ನೂ ಒಂದೇ ಫೈಲಿಗೆ ತುರುಕಿ ವಾಟ್ಸಾಪ್ ಮಾಡಿದ. ಸುಮಾ ಉತ್ತರಪತ್ರಿಕೆ ತಿದ್ದುವವಳಲ್ವಾ, ಹಾಳೆ ಹಾಳೆ ಓದಿದಳು. ಪೇ ಸ್ಲಿಪ್ಪಿನ ಮೂಲೆಯಲ್ಲಿ 'ಫೈಲಿಂಗ್ ಸ್ಟೇಟಸ್: ಸಿಂಗಲ್' ಅಂತ ಇತ್ತು. ಇದೇನ್ರೀ ಅಂತ ಕೇಳಿದ್ದಕ್ಕೆ ಅವನು, "ಅದೇನಿಲ್ಲ ಕಣೇ, ಟ್ಯಾಕ್ಸಿಗೆ ಸುಮ್ನೆ ಹಾಗಿರುತ್ತೆ" ಅಂದ.

ಆ 'ಸುಮ್ನೆ' ಅವಳನ್ನು ಸುಟ್ಟಿತು. ಎರಡು ವಾರ ಫೋನ್ ಎತ್ತಲಿಲ್ಲ.

ಒಪ್ಪಿಕೊಂಡುಬಿಡುತ್ತೇನೆ, ಮೊದಲ ದಿನ ನನಗೂ ಅನುಮಾನವೇ ಬಂದಿತ್ತು. ವಿದೇಶದ ಗಂಡ, ಅಲ್ಲಿ ಅವಿವಾಹಿತ, ಇಲ್ಲಿ ಮದುವೆ. ಇಂಥ ಮೂರ್ನಾಲ್ಕು ಪ್ರಕರಣ ನೋಡಿದವರಿಗೆ ಐದನೆಯದೂ ಅದೇ ಥರ ಕಾಣುತ್ತದೆ. ಪುಣ್ಯಕ್ಕೆ ಬಾಯಿಬಿಡಲಿಲ್ಲ. ಅಮೆರಿಕದ ಟ್ಯಾಕ್ಸ್ ಕೆಲಸ ಮಾಡುವ ಪರಿಚಯದವರೊಬ್ಬರಿಗೆ ಹೆಸರು ಹೇಳದೆ ವಿಷಯ ಕೇಳಿದೆ. ಅವರು ನಕ್ಕರು. ಆಮೇಲೆ ಅರ್ಧ ಗಂಟೆ ಪಾಠ ಮಾಡಿದರು.

ನಮ್ಮಲ್ಲಿ ಗಂಡನ ಟ್ಯಾಕ್ಸ್ ಗಂಡನದು, ಹೆಂಡತಿಯದು ಹೆಂಡತಿಯದು. ಸಂಬಳದಿಂದ ಟಿಡಿಎಸ್ ಹಿಡಿಯುವಾಗ ಮದುವೆಯಾಗಿದೆಯಾ ಅಂತ ಯಾರೂ ಕೇಳುವುದಿಲ್ಲ, ಹಳೇ ಪದ್ಧತಿಯೋ ಹೊಸದೋ ಅಂತಷ್ಟೇ ಕೇಳುತ್ತಾರೆ. ಹಾಗಾಗಿ 'ಸಿಂಗಲ್' ಅನ್ನುವ ಪದ ಕಂಡರೆ ನಮಗೆ ಹೊಳೆಯುವುದು ಒಂದೇ ಅರ್ಥ. ಅಲ್ಲಿ ಕೆಲಸಕ್ಕೆ ಸೇರಿದಾಗ ಡಬ್ಲ್ಯೂ-4 ಅಂತ ಒಂದು ಫಾರಂ ತುಂಬಿಸುತ್ತಾರೆ, ಸಂಬಳದಿಂದ ಎಷ್ಟು ಟ್ಯಾಕ್ಸ್ ಮುರಿಯಬೇಕು ಅಂತ ಕಂಪನಿಗೆ ತಿಳಿಸುವುದಕ್ಕೆ. ಅದರಲ್ಲಿ ಮೂರು ಚೌಕ. ಮೊದಲನೆಯದರ ಪೂರ್ತಿ ಹೆಸರು 'ಸಿಂಗಲ್ ಅಥವಾ ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ'. ಅಂದರೆ ಮದುವೆಯಾಗಿದ್ದೂ ರಿಟರ್ನ್ ಬೇರೆ ಬೇರೆ ಸಲ್ಲಿಸುವವರಿಗೂ ಅದೇ ಚೌಕ. ಪ್ರಕಾಶನ ಪೇ ಸ್ಲಿಪ್ಪಿನಲ್ಲಿ ಅದರ ಮೊದಲ ಪದ ಮಾತ್ರ ಅಚ್ಚಾಗಿತ್ತು. ಎರಡನೆಯದು ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸುವವರಿಗೆ. ಮೂರನೆಯದು 'ಹೆಡ್ ಆಫ್ ಹೌಸ್‌ಹೋಲ್ಡ್', ಅದರ ಕಥೆ ಆಮೇಲೆ.

ಪ್ರಕಾಶ ಮಾಡಿದ ತಪ್ಪು ಏನು ಅಂದರೆ ಏನೂ ಮಾಡದೇ ಇದ್ದದ್ದು. ಕೆಲಸಕ್ಕೆ ಸೇರಿದಾಗ ತುಂಬಿದ ಫಾರಂ, ಮದುವೆಯಾದ ಮೇಲೆ ಮುಟ್ಟಿಯೇ ಇರಲಿಲ್ಲ.

ಮುಂದಿನ ಕರೆಗೆ ಇಬ್ಬರನ್ನೂ ಕೂರಿಸಿದೆ. ಶನಿವಾರ ಬೆಳಗ್ಗೆ ಏಳೂವರೆ ನಮಗೆ, ಅವನಿಗೆ ಶುಕ್ರವಾರ ರಾತ್ರಿ ಹತ್ತು. ಫಾರಂನ ಆ ಸಾಲನ್ನು ಸ್ಕ್ರೀನ್ ಮೇಲೆ ಹಾಕಿ ಅವಳಿಂದಲೇ ಓದಿಸಿದೆ. 'ಅಥವಾ' ಅನ್ನುವಲ್ಲಿ ನಿಂತಳು. "ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ?" ಅಂತ ಕೇಳಿದಳು. ಅವನು, "ನನಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು" ಅಂದ. ನನ್ನ ಪ್ರಕಾರ ಆ ದಿನದ ಮುಖ್ಯ ಮಾತು ಇದು. ಅವನು ಮುಚ್ಚಿಡುತ್ತಿದ್ದದ್ದು ಮದುವೆಯನ್ನಲ್ಲ, ಹದಿಮೂರು ವರ್ಷ ಅಲ್ಲಿದ್ದೂ ಈ ಲೆಕ್ಕ ಅರ್ಥವಾಗದ್ದನ್ನು.

ಆಮೇಲೆ ಅವನೇ ಹೊಸ ಬಾಂಬ್ ಹಾಕಿದ. ಗೆಳೆಯನೊಬ್ಬ ಮೂರನೇ ಚೌಕಕ್ಕೆ ಹಾಕು, ಟ್ಯಾಕ್ಸ್ ಕಡಿಮೆ ಅಂದಿದ್ದಾನಂತೆ, ಹೇಗೂ ಊರಲ್ಲಿರುವ ಅಮ್ಮನಿಗೆ ದುಡ್ಡು ಕಳಿಸುತ್ತೀಯಲ್ಲ ಅಂತ. ಈ ಸಲಹೆ ಅರ್ಧ ನಿಜ, ಅದಕ್ಕೇ ಅಪಾಯ. ಹೆಂಡತಿ ಅಲ್ಲಿನ ಲೆಕ್ಕದಲ್ಲಿ ಅನಿವಾಸಿಯಾಗಿದ್ದರೆ ಈ ಚೌಕದ ಮಟ್ಟಿಗೆ ಗಂಡನನ್ನು ಮದುವೆಯಾಗದವನ ಹಾಗೆ ನೋಡುವ ನಿಯಮ ಇದೆ. ಆದರೆ ಅದೊಂದೇ ಸಾಲದು, ಅವನನ್ನು ಅವಲಂಬಿಸಿದ ಬೇರೊಬ್ಬರು ಇರಬೇಕು, ಹೆಂಡತಿ ಆ ಲೆಕ್ಕಕ್ಕೆ ಬರುವುದಿಲ್ಲ. ಅಮ್ಮ ಆಗಬಹುದಿತ್ತು, ಅವರು ಅಮೆರಿಕದ ಪ್ರಜೆಯೋ ಅಥವಾ ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ ಒಂದರ ನಿವಾಸಿಯೋ ಆಗಿದ್ದಿದ್ದರೆ. ಹಾಸನದ ಅಮ್ಮ ಸಲ್ಲುವುದಿಲ್ಲ. "ಅತ್ತೆ ಮೆಕ್ಸಿಕೊದಲ್ಲಿ ಇರಬೇಕಿತ್ತು" ಅಂದಳು ಸುಮಾ. ಎರಡು ವಾರದಲ್ಲಿ ಮೊದಲ ಸಲ ಇಬ್ಬರೂ ನಕ್ಕದ್ದು ಆಗಲೇ.

ಉಳಿದದ್ದು ಎರಡು ದಾರಿ. ಅವನ ಸಂಬಳ ವರ್ಷಕ್ಕೆ 96,000 ಡಾಲರ್. 2024ರ ದರದಲ್ಲಿ ಪ್ರತ್ಯೇಕವಾಗಿ ಸಲ್ಲಿಸಿದರೆ 14,600 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಫೆಡರಲ್ ಟ್ಯಾಕ್ಸ್ 12,961 ಡಾಲರ್. ಜಂಟಿಯಾದರೆ ಡಿಡಕ್ಷನ್ 29,200ಕ್ಕೆ ಏರುತ್ತದೆ, ಟ್ಯಾಕ್ಸ್ 7,552ಕ್ಕೆ ಇಳಿಯುತ್ತದೆ. ಇಷ್ಟು ಕೇಳಿದ ಕೂಡಲೇ ಪ್ರಕಾಶ ಈಗಲೇ ಎರಡನೇ ಚೌಕಕ್ಕೆ ಹಾಕ್ತೀನಿ ಅಂತ ಹೊರಟ. ನಾನು ತಡೆದೆ. ಅವಳು ಅನಿವಾಸಿ, ಹಾಗಾಗಿ ಜಂಟಿ ರಿಟರ್ನ್ ತಾನಾಗಿ ಸಿಗುವುದಿಲ್ಲ. 'ಇವಳನ್ನು ನಿವಾಸಿ ಅಂತ ಪರಿಗಣಿಸಿ' ಅಂತ ಇಬ್ಬರೂ ಸಹಿ ಮಾಡಿದ ಹೇಳಿಕೆ ಲಗತ್ತಿಸಬೇಕು. ಹಾಗೆ ಮಾಡಿದ ಕ್ಷಣ ಅವಳ ಹಾಸನದ ಸಂಬಳ, ಅಪ್ಪ ಅವಳ ಹೆಸರಿಗೆ ಇಟ್ಟ ಎಫ್‌ಡಿಯ ಬಡ್ಡಿ, ಎಲ್ಲವೂ ಅಮೆರಿಕದ ರಿಟರ್ನ್ ಒಳಗೆ ಬರುತ್ತವೆ. ಎಲ್ಲ ಸೇರಿ 4,62,000 ರೂಪಾಯಿ, ಡಾಲರಿಗೆ 84ರಂತೆ 5,500 ಡಾಲರ್. ಇಲ್ಲಿ ಅವಳಿಗೆ ಟ್ಯಾಕ್ಸೇ ಬೀಳುವುದಿಲ್ಲ, ಹಾಗಾಗಿ ಇಲ್ಲಿ ಕಟ್ಟಿದ್ದೇನೆ ಅಂತ ಅಲ್ಲಿ ಕಳೆಯಲು ಏನೂ ಇಲ್ಲ. ಶೇ. 12ರಂತೆ 660 ಡಾಲರ್ ಜಾಸ್ತಿ. ಆದರೂ ಒಟ್ಟು 8,212, ಅಂದರೆ 4,749 ಡಾಲರ್ ಉಳಿತಾಯ. ಲಾಭವೇ, ಸಂಶಯ ಇಲ್ಲ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಜಂಟಿ ರಿಟರ್ನಿಗೆ ಸಹಿ ಹಾಕಿದರೆ ಅದರ ಬಾಕಿಗೂ ತಪ್ಪಿಗೂ ಇಬ್ಬರೂ ಹೊಣೆ. ಈ ಆಯ್ಕೆ ಮುಂದಿನ ವರ್ಷಗಳಿಗೂ ಮುಂದುವರಿಯುತ್ತದೆ, ಒಮ್ಮೆ ರದ್ದು ಮಾಡಿಕೊಂಡರೆ ಮತ್ತೆ ಆರಿಸುವ ಹಾಗಿಲ್ಲ. ಅವಳ ತಿಂಗಳ 3,000 ರೂಪಾಯಿಯ ಮ್ಯೂಚುವಲ್ ಫಂಡ್ ಎಸ್‌ಐಪಿಗೆ ಅಮೆರಿಕದಲ್ಲಿ ಬೇರೆಯೇ ಕಗ್ಗಂಟಿನ ನಿಯಮ ಇದೆ. ಇನ್ನು, ಪ್ರಕಾಶನ ಹೆಸರು ಅವನ ಅಪ್ಪನ ಬ್ಯಾಂಕ್ ಖಾತೆಯಲ್ಲಿ ಜಂಟಿಯಾಗಿ ಇದೆ. ವಿದೇಶಿ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಅಂತ ಆ ಖಾತೆಗಳ ವಿವರ ಕೊಡುವ ವರದಿ ಸಲ್ಲಿಸಬೇಕು. ಅದಕ್ಕೂ ಈ ಚೌಕಕ್ಕೂ ಸಂಬಂಧವಿಲ್ಲ, ಮದುವೆಗೆ ಮುಂಚೆಯೂ ಸಲ್ಲಿಸಬೇಕಿತ್ತು. ಅವನು ಅದರ ಹೆಸರೇ ಕೇಳಿರಲಿಲ್ಲ. ಅವತ್ತೇ ಟ್ಯಾಕ್ಸ್‌ನವರ ಹತ್ತಿರ ಕಳಿಸಿದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಪಾಸ್‌ಪೋರ್ಟ್. ಜಂಟಿ ರಿಟರ್ನಿಗೆ ಅವಳಿಗೆ ಒಂದು ಟ್ಯಾಕ್ಸ್ ಸಂಖ್ಯೆ ಬೇಕು. ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇಲ್ಲದವರು ಡಬ್ಲ್ಯೂ-7 ತುಂಬಿ ಐಟಿಐಎನ್ ತೆಗೆದುಕೊಳ್ಳಬೇಕು. ಅದಕ್ಕೆ ಸಾಮಾನ್ಯವಾಗಿ ಮೂಲ ಪಾಸ್‌ಪೋರ್ಟ್ ಕಳಿಸಬೇಕು, ಇಲ್ಲವೇ ಅದನ್ನು ಕೊಟ್ಟ ಇಲಾಖೆಯೇ ದೃಢೀಕರಿಸಿದ ಪ್ರತಿ ಕೊಡಬೇಕು. ಮುಂಬೈಯ ವೀಸಾ ಸಂದರ್ಶನದ ದಿನಾಂಕ ಯಾವಾಗ ಬರುತ್ತದೋ ಗೊತ್ತಿಲ್ಲದಿರುವಾಗ ಪಾಸ್‌ಪೋರ್ಟನ್ನು ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸಲು ಯಾರಿಗೆ ಧೈರ್ಯ ಬರುತ್ತದೆ? "ಐದು ಸಾವಿರ ಡಾಲರ್ ಹೋದರೂ ಕಳಿಸಲ್ಲ" ಅಂದಳು. ಅವಳ ಕಡೆಗೇ ನನ್ನ ಮತ.

ಟ್ಯಾಕ್ಸ್‌ನವರ ಜೊತೆ ಮಾತಾಡಿ ಕೊನೆಗೆ ನಿಂತದ್ದು ಇಲ್ಲಿಗೆ. 2024ರ ರಿಟರ್ನನ್ನು ಏಪ್ರಿಲ್ 15ರೊಳಗೆ 'ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ' ಅಂತಲೇ ಸಲ್ಲಿಸುವುದು, ಹೆಂಡತಿಯ ಸಂಖ್ಯೆಯ ಜಾಗದಲ್ಲಿ 'ಎನ್‌ಆರ್‌ಎ', ಅಂದರೆ ಅನಿವಾಸಿ ವಿದೇಶಿ, ಅಂತ ಬರೆಯುವುದು. ಡಬ್ಲ್ಯೂ-4 ಇದ್ದ ಹಾಗೇ ಇರಲಿ, ಆದರೆ ಡಿಸೆಂಬರ್ 31ಕ್ಕೆ ಮದುವೆಯಾಗಿದ್ದವರು ರಿಟರ್ನಿನಲ್ಲಿ ಮಾತ್ರ 'ಸಿಂಗಲ್' ಅಂತ ಹಾಕುವ ಹಾಗಿಲ್ಲ, ವೀಸಾ ಫೈಲಿನಲ್ಲಿ ಕೂತು ಕಾಡುವುದು ಆ ಕಾಗದ. ಸುಮಾ ಅಲ್ಲಿಗೆ ಹೋಗಿ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಪಡೆದ ಮೇಲೆ, ಮೂರು ವರ್ಷದೊಳಗೆ 1040-ಎಕ್ಸ್ ಅನ್ನುವ ತಿದ್ದುಪಡಿ ರಿಟರ್ನ್ ಸಲ್ಲಿಸಿ 2024ನ್ನು ಜಂಟಿಗೆ ಬದಲಾಯಿಸಿಕೊಳ್ಳಬಹುದು, ವ್ಯತ್ಯಾಸ ವಾಪಸು ಬರುತ್ತದೆ. ಪ್ರತ್ಯೇಕದಿಂದ ಜಂಟಿಗೆ ಹೀಗೆ ದಾರಿ ಇದೆ, ಗಡುವು ಮುಗಿದ ಮೇಲೆ ಜಂಟಿಯಿಂದ ಪ್ರತ್ಯೇಕಕ್ಕೆ ಇಲ್ಲ. ಚೌಕವನ್ನು ಈಗಲೇ ಬದಲಾಯಿಸಿದ್ದರೆ ತಿಂಗಳಿಗೆ ಸುಮಾರು 450 ಡಾಲರ್ ಕೈಗೆ ಜಾಸ್ತಿ ಬರುತ್ತಿತ್ತು ನಿಜ, ಆಮೇಲೆ ಜಂಟಿ ರಿಟರ್ನ್ ಆಗದೇ ಹೋದರೆ ಅಷ್ಟನ್ನೂ ಒಟ್ಟಿಗೆ ಕಟ್ಟಬೇಕು, ದಂಡವೂ ಬೀಳಬಹುದು. ಅವಳು ಅಲ್ಲಿಗೆ ಹೋದ ಮೇಲೆ ಬದಲಾಯಿಸಿದರೆ ಸಾಕು. ಅವಳೂ ಕೆಲಸಕ್ಕೆ ಸೇರಿದರೆ ಎರಡು ಸಂಬಳ ಇದೆ ಅನ್ನುವ ಗುರುತನ್ನು ಎರಡೂ ಫಾರಂಗಳಲ್ಲಿ ಹಾಕಲು ಮರೆಯಬಾರದು.

ನನ್ನ ಕಡೆಯಿಂದ ಕೊಟ್ಟ ಸಲಹೆ ಚಿಕ್ಕದು. ಪ್ರಕಾಶನಿಗೆ: ಗೊತ್ತಿಲ್ಲದ್ದಕ್ಕೆ 'ಸುಮ್ನೆ' ಅನ್ನಬೇಡ, 'ಗೊತ್ತಿಲ್ಲ, ನೋಡಿ ಹೇಳ್ತೀನಿ' ಅನ್ನು. ಸುಮಾಗೆ: ಕಾಗದ ನೋಡಿ ಅನುಮಾನ ಬಂದರೆ ಮೊದಲು ಆ ಕಾಗದ ಏನು ಅಂತ ಕೇಳು, ಗಂಡ ಎಂಥವನು ಅನ್ನೋದು ಆಮೇಲೆ. ಇಬ್ಬರಿಗೂ: ಸಹಿ ಬೀಳುವ ಯಾವ ಹಾಳೆಯನ್ನೂ ಒಬ್ಬರೇ ಓದಬೇಡಿ, ವಿಡಿಯೊ ಕಾಲ್‌ನಲ್ಲಿ ಜೊತೆಗೆ ಓದಿ.

ಈಗ ಎರಡು ವಾರಕ್ಕೊಮ್ಮೆ ಪೇ ಸ್ಲಿಪ್ಪು ಹಾಸನಕ್ಕೆ ತಪ್ಪದೆ ಬರುತ್ತದೆ. ಮೊನ್ನೆ ಕರೆಯಲ್ಲಿ ಸುಮಾದು ಹೊಸ ತಕರಾರು: ಹಲ್ಲಿನ ಇನ್ಶೂರೆನ್ಸಿಗೆ ಇವರೊಬ್ಬರದೇ ದುಡ್ಡು ಕಟ್ ಆಗ್ತಿದೆ, ನನ್ನ ಹೆಸರು ಯಾವಾಗ ಸೇರಿಸೋದು ಅಂತ ಕೇಳಿ ಮೇಡಂ. ನೀನೇ ಕೇಳಮ್ಮ ಅಂದೆ. ಕೇಳಿದ್ದಾಳೆ, "ಗೊತ್ತಿಲ್ಲ, ನೋಡಿ ಹೇಳ್ತೀನಿ" ಅಂದನಂತೆ.