ಕೇಳುವ ಮೊದಲೇ ನೀರು ಬಂದರೆ

ಮಾತು ತಡವಾಗಿದೆ ಎಂದು ನನ್ನ ಬಳಿ ಕರೆತಂದ ಒಂದು ಮಗುವಿನ ಕತೆ ಇದು. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ದಾವಣಗೆರೆಯ ಮನೆ. ಹುಡುಗನಿಗೆ ಎರಡೂವರೆ ವರ್ಷ, ಪುಟ್ಟ ಅಂತಿಟ್ಟುಕೊಳ್ಳೋಣ. ಅಪ್ಪನಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ಅಮ್ಮನಿಗೆ ಬಟ್ಟೆ ಅಂಗಡಿಯಲ್ಲಿ. ಹಗಲೆಲ್ಲ ಪುಟ್ಟ ಅಜ್ಜಿಯ ಕೈಯಲ್ಲಿ.

"ಎಲ್ಲಾ ಅರ್ಥ ಆಗುತ್ತೆ ಮೇಡಂ, ಬಾಯಿ ಮಾತ್ರ ಬಿಡಲ್ಲ," ಎಂದರು ಅಮ್ಮ. ಎಣಿಸಿದರೆ 8 ಪದ. 2 ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಮಕ್ಕಳಿಗೆ ಸುಮಾರು 50 ಪದ ಬಂದಿರುತ್ತವೆ. "ಅಮ್ಮ ಬಾ" ಅಂತ ಎರಡೆರಡು ಜೋಡಿಸುತ್ತಾರೆ ಕೂಡ.

ಅಜ್ಜಿಗೆ ಚಿಂತೆಯೇ ಇರಲಿಲ್ಲ. "ಇವರಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು. ಬಜೆ ತೇಯ್ದು ನಾಲಿಗೆಗೆ ಹಚ್ತಾ ಇದೀನ್ರಿ." ಬಜೆಯಿಂದ ಮಾತು ಬರುವುದಿಲ್ಲ, ಅದನ್ನು ನಿಲ್ಲಿಸಿ ಎಂದೆ. ಮೊದಲು ಕಿವಿ ಪರೀಕ್ಷೆಗೆ ಕಳಿಸಿದೆ. ಬಾಗಿಲ ಸದ್ದಿಗೆ ತಿರುಗ್ತಾನಲ್ಲ ಅಂದರು. ಅಷ್ಟು ಸಾಲದು. ನೆಗಡಿಯಾದ ಮೇಲೆ ಕಿವಿಯೊಳಗೆ ನೀರು ನಿಂತರೂ ದೊಡ್ಡ ಸದ್ದು ಕೇಳುತ್ತದೆ, ಮಾತು ಮಾತ್ರ ಮಸುಕಾಗುತ್ತದೆ. ಪುಟ್ಟನ ಕಿವಿ ಸರಿಯಾಗಿತ್ತು.

ಎರಡನೇ ಸಲ ಬಂದಾಗ ವಿಷಯ ಕಣ್ಣಿಗೇ ಬಿತ್ತು. ಮೇಜಿನ ಮೇಲೆ ನೀರಿನ ಲೋಟವಿತ್ತು. ಪುಟ್ಟ ಅದರತ್ತ ನೋಡಿದ, ಅಷ್ಟೆ. ಕೈ ಕೂಡ ಎತ್ತಿರಲಿಲ್ಲ. ಅಜ್ಜಿ ಲೋಟ ತುಟಿಗೆ ಹಿಡಿದೇಬಿಟ್ಟರು. ಇಷ್ಟು ಪ್ರೀತಿಯ ಮನೆಯಲ್ಲಿ ಅವನು ಯಾಕೆ ಮಾತಾಡಬೇಕು ಹೇಳಿ?

ಮುಂದಿನ ಸಲ ಲೋಟ ಹಿಡಿದು ಸುಮ್ನೆ ಅವನ ಮುಖ ನೋಡಿ, ಮನಸ್ಸಿನಲ್ಲೇ ಹತ್ತು ಎಣಿಸಿ ಎಂದೆ. "ಮಗೂನ ಗೋಳು ಹೊಯ್ಕೊಳ್ಳೋದಾ?" ಅಂತ ಅಜ್ಜಿ ಮುಖ ಗಂಟಿಕ್ಕಿದರು. ಆದರೂ ಎಣಿಸಿದರು. ಏಳೋ ಎಂಟೋ ಆಗಿರಬೇಕು, "ನೀ" ಅಂದ. "ನೀರು ಬೇಕಾ? ತಗೋ, ತಣ್ಣನೆ ನೀರು," ಅಂತ ನಾನೇ ಕೊಟ್ಟೆ. ಅವನ ಒಂದು ಅಕ್ಷರಕ್ಕೆ ನಾವು ಎರಡು ಪದ ಸೇರಿಸಿ ವಾಪಸ್ ಕೊಡುವುದು, ಅಷ್ಟೇ ಕೆಲಸ. ಹತ್ತು ಎಣಿಸಿದರೂ ಬಾಯಿ ತೆರೆಯದಿದ್ದರೆ ಪದ ಹೇಳಿ ಕೊಟ್ಟುಬಿಡಿ. ಅಳಿಸುವುದು ಬೇಡ.

ಇನ್ನು ಟಿವಿ. ಆ ಮನೆಯಲ್ಲಿ ಧಾರಾವಾಹಿ ನೋಡಲಿ ಬಿಡಲಿ, ದಿನವಿಡೀ ಓಡುತ್ತಿತ್ತು. ಊಟಕ್ಕೆ ಮೊಬೈಲ್ ಬೇರೆ. ಈ ವಯಸ್ಸಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಒಂದೇ ಸಲ ಎಲ್ಲ ಬಿಡಿಸಲು ಹೋಗಬೇಡಿ, ಮೊದಲು ಊಟದ ಹೊತ್ತಿನ ಮೊಬೈಲ್ ನಿಲ್ಲಲಿ ಎಂದೆ.

ಬದಲಿಗೆ ಒಗ್ಗರಣೆ ಮಂಡಕ್ಕಿ ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. "ಮಂಡಕ್ಕಿ ನೆನೆಸ್ದೆ, ಹಿಂಡ್ದೆ, ಚಟಪಟ ಸಾಸಿವೆ" ಅಂತ ಕೈ ಮಾಡಿದ್ದನ್ನು ಬಾಯಲ್ಲಿ ಹೇಳುತ್ತಿರಿ. "ಈರುಳ್ಳಿ ತಾ" ಅನ್ನಿ. ತಂದರೆ ಮರುದಿನ "ಈರುಳ್ಳಿ, ಚಮಚ ತಾ" ಅನ್ನಿ. ಕೇಳಿಸಿಕೊಳ್ಳುವ ಅಭ್ಯಾಸ ಹೀಗೇ ಬೆಳೆಯುವುದು. ನೆಂಟರ ಮುಂದೆ ನಿಲ್ಲಿಸಿ "ಇದೇನು ಹೇಳು, ಅದೇನು ಹೇಳು" ಅಂತ ಪರೀಕ್ಷೆ ಮಾತ್ರ ಬೇಡ. ಅಮ್ಮ "ವಾಟರ್, ಮಿಲ್ಕ್" ಕಲಿಸುತ್ತಿದ್ದರು. ನಿಮಗೆ ಸಲೀಸಾದ ಭಾಷೆಯಲ್ಲೇ ಮಾತಾಡಿ, ಇಂಗ್ಲಿಷ್ ಎಲ್ಲಿಗೂ ಓಡಿಹೋಗಲ್ಲ ಎಂದೆ.

ಎರಡು ತಿಂಗಳ ನಂತರ ಅಜ್ಜಿ ಹಾಲಿನ ಲೆಕ್ಕದ ಪುಸ್ತಕ ತಂದಿದ್ದರು. ಹಿಂದಿನ ಹಾಳೆಯಲ್ಲಿ 26 ಪದ. ಮಿರ್ಚಿಗೆ "ಮಿಚ್ಚಿ" ಅಂತೆ. ಜೋಡಿ ಪದ ಒಂದೇ ಒಂದು: "ಅಜ್ಜಿ ಕೊಡು". ನನಗಿನ್ನೂ ಸಮಾಧಾನವಿಲ್ಲ. ವಾಕ್ ಚಿಕಿತ್ಸಕರಿಗೆ ಚೀಟಿ ಬರೆದುಕೊಟ್ಟಿದ್ದೇನೆ.