ರಾಯಚೂರಿನ ಸೆಕೆಯಲ್ಲಿ ಮನೆ ವೈನ್ ಹುಳಿಯಾಗುವುದೇಕೆ?

ಮೊದಲ ಸಲ ಮಾಡಿದ ದ್ರಾಕ್ಷಿ ವೈನ್ ವಿನೆಗರ್ ಆಯಿತು ಅಂದಿರಿ. ಅದಕ್ಕೆ ಕಾರಣ ಗಾಳಿ. ಸೆಕೆ ಅದಕ್ಕೆ ಕುಮ್ಮಕ್ಕು. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಆಮೇಲೂ ಗಾಳಿ ಆಡುತ್ತಿದ್ದರೆ ಅಸಿಟಿಕ್ ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನೇ ವಿನೆಗರ್ ಮಾಡಿಬಿಡುತ್ತದೆ, 30 ಡಿಗ್ರಿ ಆಸುಪಾಸಿನಲ್ಲಂತೂ ಬಲು ಚುರುಕಾಗಿ.

ಬಿಸಿಲು ಬಲಿಯುವ ಮೊದಲೇ, ಫೆಬ್ರವರಿ ಹೊತ್ತಿಗೆ ಶುರುಮಾಡಿ. 2 ಕೆಜಿ ಕಪ್ಪು ದ್ರಾಕ್ಷಿ ಕಿವುಚಿ, 150 ಗ್ರಾಂ ಸಕ್ಕರೆ, 1 ಗ್ರಾಂ ವೈನ್ ಯೀಸ್ಟ್ ಹಾಕಿ. ಹಣ್ಣಿಗೆ ಸಮಸಮ ಸಕ್ಕರೆ ಸುರಿಯುವ ರೂಢಿ ಬಿಡಿ. ಅಷ್ಟು ಸಿಹಿಯಲ್ಲಿ ಯೀಸ್ಟ್ ಅರ್ಧಕ್ಕೇ ನಿಲ್ಲುತ್ತದೆ. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆದ್ದ ಸಿಪ್ಪೆಯನ್ನು ದಿನಕ್ಕೆರಡು ಸಲ ಒಳಗೆ ಒತ್ತಿ. ಒಣಗಿದ ಸಿಪ್ಪೆಯಲ್ಲೇ ಹುಳಿ ಹಿಡಿಯುವುದು. ಐದಾರು ದಿನಕ್ಕೆ ಸೋಸಿ, ಬಾಟಲಿಯ ಕುತ್ತಿಗೆವರೆಗೆ ತುಂಬಿ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು, ಹೊರಗಿನ ಗಾಳಿ ಒಳಬಿಡದ ಮುಚ್ಚಳ) ಹಾಕಿ. ಬಿರಡೆ ಬಿಗಿದರೆ ಗ್ಯಾಸ್ ಒತ್ತಡಕ್ಕೆ ಬಾಟಲಿ ಒಡೆದೀತು.

ತಂಪಿಗೆ ಫ್ರಿಜ್ ಬೇಡ, ಯೀಸ್ಟ್ ಮಲಗಿಬಿಡುತ್ತದೆ. ನೀರಿನ ಬೋಗುಣಿಯಲ್ಲಿಟ್ಟು ಒದ್ದೆ ಗೋಣಿ ಸುತ್ತಿ; ನಮ್ಮ ಒಣಹವೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅಂದಹಾಗೆ, ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆಗೆ ವಿರುದ್ಧ, ಮೊದಲು ವಿಚಾರಿಸಿಕೊಳ್ಳಿ.