ಹಿರಿಯರ ಜಗುಲಿ: ಕಡಲ ಬದಿಯ ಮನೆ ಮಾರಬೇಕಾ?

ಪ್ರಶ್ನೆ: ಮುಂಬೈಯಲ್ಲಿ 34 ವರ್ಷ ನೌಕರಿ ಮಾಡಿ 2016ರಲ್ಲಿ ಊರಿಗೆ ಬಂದೆವು. ಕಾಪು ಹತ್ತಿರ, ಕಡಲಿಂದ ಮುನ್ನೂರು ಮೀಟರ್ ದೂರದಲ್ಲಿ ಮನೆ ಕಟ್ಟಿಸಿದೆವು. ನನಗೀಗ 69, ಹೆಂಡತಿಗೆ 65. ಅವಳಿಗೆ ಬಿಪಿ, ಶುಗರ್ ಎರಡೂ ಇದೆ. ಏಪ್ರಿಲ್ ಬಂತೆಂದರೆ ಅವಳಿಗೆ ರಾತ್ರಿ ನಿದ್ದೆಯಿಲ್ಲ. ಕಳೆದ ಮೇ ತಿಂಗಳ ಗಾಳಿಮಳೆಗೆ ಎರಡು ತೆಂಗಿನ ಮರ ಬಿದ್ದವು, ಒಂದು ಪಂಪ್‌ಶೆಡ್ ಮೇಲೆಯೇ. ಅಂದಿನಿಂದ ‘ಮಾರಿ ಮೈಸೂರಿಗೆ ಹೋಗೋಣ’ ಅಂತ ಒಂದೇ ಹಟ. ನನಗೆ ಮನಸ್ಸಿಲ್ಲ. ಮಗ ಪುಣೆಯಲ್ಲಿದ್ದಾನೆ, ‘ನೀವೇ ನೋಡಿ ಮಾಡಿ’ ಅಂತಾನೆ. ಏನು ಮಾಡೋಣ?
– ಹೆಸರು ಬೇಡ, ಕಾಪು

ಉತ್ತರ: ನಿಮ್ಮ ಪತ್ರ ಮೂರು ಪುಟ ಇತ್ತು. ಅದರಲ್ಲಿ ಒಂದೂವರೆ ಪುಟ ಕಡಲಿನ ಬಗ್ಗೆ, ಸಂಜೆಯ ಬಗ್ಗೆ, ಲೈಟ್‌ಹೌಸ್ ಬಗ್ಗೆ. ಜಾಗ ಸಾಲದೆ ಅದನ್ನೆಲ್ಲ ತೆಗೆದಿದ್ದೇನೆ, ಬೇಜಾರು ಮಾಡ್ಕೋಬೇಡಿ. ಹೆಂಡತಿಯ ನಿದ್ದೆಯ ಬಗ್ಗೆ ಇದ್ದದ್ದು ಒಂದೇ ಸಾಲು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವಳು. ಹುಡುಗರಿಗೆ ಹೇಳುತ್ತಿದ್ದೆ, ಬೆವರು ಬಂದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ ಅಂತ. ನಮ್ಮಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದೆಲ್ಲಿಗೆ? ಕಲಬುರಗಿಯವರು ನಮ್ಮ 34 ಡಿಗ್ರಿ ನೋಡಿ ನಗುತ್ತಾರೆ. ಆದರೆ ಹವಾಮಾನ ಇಲಾಖೆ ಬಿಸಿಗಾಳಿ ಅಂತ ಹೆಸರು ಕೊಡಲು ಬಯಲು ಸೀಮೆಗೆ 40 ಡಿಗ್ರಿ ಅಳತೆ ಇಟ್ಟಿದೆ, ಕರಾವಳಿಗೆ 37. ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿಯೂ ಇರಬೇಕು. ಮೂರು ಡಿಗ್ರಿ ಕಮ್ಮಿ ಇಟ್ಟದ್ದು ಸುಮ್ನೆ ಅಲ್ಲ. ಇಲ್ಲಿನ ಮೈಗೆ ಅಷ್ಟೇ ಸಾಕು.

ಹಗಲಿಗಿಂತ ರಾತ್ರಿ ಕೆಟ್ಟದ್ದು. ಬಯಲು ಸೀಮೆಯಲ್ಲಿ ಹೊತ್ತು ಮುಳುಗಿದ ಮೇಲೆ ನೆಲ ಆರುತ್ತದೆ. ನಮ್ಮಲ್ಲಿ ಮೇ ತಿಂಗಳ ಬೆಳಗಿನ ಜಾವಕ್ಕೂ 26, 27 ಡಿಗ್ರಿ ಇರುತ್ತದೆ. ಅರವತ್ತು ದಾಟಿದ ಮೈಗೆ ಇಡೀ ರಾತ್ರಿ ವಿರಾಮ ಸಿಗುವುದಿಲ್ಲ. ಅದರ ಮೇಲೆ ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೈಯ ನೀರನ್ನು ಹೊರಗೆ ಹಾಕುವಂಥವು. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಸೆಕೆ ಶುರುವಾಗುವ ಮುಂಚೆ, ಫೆಬ್ರವರಿಯಲ್ಲೇ ಡಾಕ್ಟರ ಹತ್ತಿರ ಈ ಮಾತು ಎತ್ತಿ. ಇನ್ಸುಲಿನ್ ಇದ್ದರೆ ಕರೆಂಟ್ ಹೋದಾಗ ಎಲ್ಲಿಡುವುದು ಅಂತಲೂ ಕೇಳಿ. ಒದ್ದೆ ಮಡಕೆಯಲ್ಲಿಡಿ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದು ಒಣ ಹವೆಯ ಊರಿಗೆ ಸರಿ. ನಮ್ಮಲ್ಲಿ ಬೆವರೇ ಆರದಿದ್ದ ಮೇಲೆ ಮಡಕೆಯ ನೀರು ಎಷ್ಟು ಆರೀತು?

ಇನ್ನು ಗಾಳಿ. ಇದನ್ನು ನನ್ನ ಮನೆಯ ಕಥೆಯಿಂದಲೇ ಹೇಳಬೇಕು.

ನಾವೂ ನಿಮ್ಮ ಹಾಗೇ. ಇವರು ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಕೋಟೇಶ್ವರದ ಹತ್ತಿರ ಕಡಲ ಬದಿಗೆ ಮನೆ ಮಾಡಿದೆವು. 2021ರ ಮೇ 15, ಶನಿವಾರ. ತೌಕ್ತೆ ಚಂಡಮಾರುತ. ಆ ಹೆಸರು ಬರ್ಮಾದವರು ಕೊಟ್ಟದ್ದು, ಹಲ್ಲಿಯ ಹೆಸರಂತೆ. ಹಲ್ಲಿ ನಮ್ಮ ಗೋಡೆಗೆ ಬರಲೇ ಇಲ್ಲ, ಅದು ತಿಳಿದಿರಲಿ. ದೂರ ಕಡಲಲ್ಲೇ ಹಾದು 17ರ ರಾತ್ರಿ ಗುಜರಾತಿನ ದಡ ಹತ್ತಿತು. ಬರೀ ಹಾದು ಹೋದದ್ದಕ್ಕೆ ನಮ್ಮ ಅಂಗಳದ ನಾಲ್ಕು ತೆಂಗು ಹೋಯಿತು, ಕೊಟ್ಟಿಗೆಯ ಹಂಚು ಗದ್ದೆಯಲ್ಲಿ ಸಿಕ್ಕಿತು.

ನಮ್ಮನ್ನು ಅಲುಗಿಸಿದ್ದು ಮಾತ್ರ ಗಾಳಿಯಲ್ಲ, ಕರೆಂಟು. ಇವರಿಗೆ ಶ್ವಾಸಕೋಶದ ತೊಂದರೆ. ದಿನಕ್ಕೆ ಮೂರು ಸಲ ನೆಬ್ಯುಲೈಸರ್ ಬೇಕು, ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಕರೆಂಟಿನ ಮಿಶಿನ್. ಕಂಬಗಳು ಸಾಲಾಗಿ ಮಲಗಿದ್ದವು, 41 ಗಂಟೆ ಕರೆಂಟಿಲ್ಲ. ಇನ್ವರ್ಟರ್ ಒಂಬತ್ತು ಗಂಟೆಗೆ ಸುಸ್ತಾಯಿತು. ಲಾಕ್‌ಡೌನ್ ಬೇರೆ. ಕಾರು ತೆಗೆಯೋಣ ಅಂದರೆ ರಸ್ತೆಗೆ ಮರ ಅಡ್ಡ ಬಿದ್ದಿದೆ. ಎರಡನೇ ರಾತ್ರಿ ಇವರ ತುಟಿಯ ಬಣ್ಣ ನೋಡಿ ನನಗೆ ಕೈಕಾಲು ಬಿದ್ದುಹೋಯಿತು. ಎದುರು ಮನೆಯ ಹುಡುಗರಿಬ್ಬರು, ಮೀನಿಗೆ ಹೋಗುವವರು, ಇವರನ್ನು ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಗದ್ದೆ ಅಂಚಿನ ಮೇಲೆಯೇ ಹೆದ್ದಾರಿ ಮುಟ್ಟಿಸಿದರು. ನಾನು ಹಿಂದೆ ಟಾರ್ಚ್ ಹಿಡಿದುಕೊಂಡು ಓಡುತ್ತಿದ್ದೆ. ಓಡುವ ವಯಸ್ಸಾ ಅದು?

ಮಾರನೇ ವರ್ಷ ಮಣಿಪಾಲದ ಗುಡ್ಡೆಯ ಮೇಲೆ ಎರಡು ಕೋಣೆಯ ಬಾಡಿಗೆ ಫ್ಲ್ಯಾಟಿಗೆ ಬಂದೆವು. ಕಡಲಿಂದ ಎಂಟು ಕಿಲೋಮೀಟರ್ ಅಷ್ಟೇ. ಸೆಕೆ ಅಲ್ಲೂ ಇದೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಲಿಫ್ಟಿಗೆ ಜನರೇಟರ್ ಇದೆ, ಆಸ್ಪತ್ರೆಗೆ ಆಟೋದಲ್ಲಿ ಐದು ನಿಮಿಷ. ಇವರು ಒಂದು ವಾರ ಮಾತೇ ಆಡಲಿಲ್ಲ. ಬಾಲ್ಕನಿಯಲ್ಲಿ ಕುರ್ಚಿಯನ್ನು ಪಶ್ಚಿಮಕ್ಕೆ ತಿರುಗಿಸಿ ಕೂರುತ್ತಿದ್ದರು, ಕಾಣುತ್ತಿದ್ದದ್ದು ಎದುರಿನ ಹಾಸ್ಟೆಲಿನ ಒಣಗಿಸಿದ ಬಟ್ಟೆ. ಆಮೇಲೆ ಸರಿಹೋದರು. ಅಲ್ಲಿ ಎರಡು ವರ್ಷ ಇದ್ದರು. ನಿದ್ದೆಯಲ್ಲೇ ಹೋದರು.

ಕೋಟೇಶ್ವರದ ಮನೆ ಮಾರಲಿಲ್ಲ. ಈಗಲೂ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಅಲ್ಲಿರುತ್ತೇನೆ. ಎದುರು ಮನೆಯವರು ತೆಂಗಿನಕಾಯಿ ತೆಗೆಸಿಕೊಂಡು ಮನೆ ನೋಡಿಕೊಳ್ಳುತ್ತಾರೆ.

ಈಗ ನಿಮ್ಮ ವಿಷಯ. ಮಾರುವ ಮಾತು ಎರಡು ವರ್ಷ ಬದಿಗಿಡಿ. ಮಾರಿದ ಮೇಲೆ ಅಂಥ ಜಾಗ ತಿರುಗಿ ಕೊಳ್ಳಲು ನಿಮ್ಮ ಪೆನ್ಶನ್ ಸಾಲುವುದಿಲ್ಲ. ಆದರೆ ಬರುವ ಮಾರ್ಚ್ 15ಕ್ಕೆ ಹೆಂಡತಿಯನ್ನು ಕರೆದುಕೊಂಡು ಮೈಸೂರಿಗೆ ಹೋಗಿ, ಬಾಡಿಗೆಗೆ ಮನೆ ಹಿಡಿದು ಮೂರು ತಿಂಗಳು ಇರಿ. ನೆಂಟರ ಮನೆ ಬೇಡ. ಅಲ್ಲೂ ಹಗಲು ಬಿಸಿಲಿದೆ, ರಾತ್ರಿ ಮಾತ್ರ ಮೈ ಆರುತ್ತದೆ. ಅವರಿಗೆ ನಿದ್ದೆ ಬಂದರೆ ಅರ್ಧ ಉತ್ತರ ಸಿಕ್ಕಿತು. ನಿದ್ದೆ ಬಂದೂ ‘ಇಲ್ಲಿ ಯಾರೂ ಗೊತ್ತಿಲ್ಲ’ ಅಂತ ಗೋಡೆ ನೋಡುತ್ತಾ ಕೂತರೆ ಇನ್ನರ್ಧವೂ ಸಿಕ್ಕಿತು. ಆಗ ಮಣಿಪಾಲದಂಥ ಜಾಗ ನೋಡಿ, ಊರು ಬಿಟ್ಟ ಹಾಗೂ ಆಗುವುದಿಲ್ಲ.

ಮಗನ ಹತ್ತಿರವೂ ಒಂದು ಮಾತು ಕೇಳಿ: ಮಳೆಗಾಲದಲ್ಲಿ ಕರೆದರೆ ಎಷ್ಟು ಹೊತ್ತಿಗೆ ಬಂದೀಯ? ಪುಣೆಯಿಂದ ಕಾರಿನಲ್ಲಿ ಬಂದರೆ ಹುಬ್ಬಳ್ಳಿ, ಅಂಕೋಲಾ, ಆಮೇಲೆ 66ರ ಹೆದ್ದಾರಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದದ್ದು ಅದೇ ಹೆದ್ದಾರಿಯಲ್ಲಿ. ದಿನಗಟ್ಟಲೆ ದಾರಿಯಿರಲಿಲ್ಲ. ಅದೇ ತಿಂಗಳ ಕೊನೆಗೆ ಸಕಲೇಶಪುರ ಘಾಟಿಯ ಯಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಜಾರಿ ಬೆಂಗಳೂರು ರೈಲೂ ನಿಂತಿತು. ‘ನೀವೇ ನೋಡಿ ಮಾಡಿ’ ಎನ್ನುವ ಮಗ ಒಂದು ಮಳೆಗಾಲ ಇಲ್ಲಿ ಬಂದು ಇರಲಿ.

ಕೊನೆಗೆ, ಈ ಪತ್ರವನ್ನು ಹೆಂಡತಿಗೆ ತೋರಿಸಿ ಕಳಿಸಿದ್ದೀರಾ? ಇಲ್ಲ ಅಂತ ನನ್ನ ಅನುಮಾನ.

ಪ್ರಶ್ನೆ: ಮನೆಗೆ ಇನ್ಶೂರೆನ್ಸ್ ಮಾಡಿಸಿದರೆ ಗಾಳಿಗೆ ಹಂಚು ಹಾರಿದ್ದಕ್ಕೂ ದುಡ್ಡು ಬರುತ್ತದಾ?
– ನಿವೃತ್ತ ಶಿಕ್ಷಕ, ಹೊನ್ನಾವರ

ಉತ್ತರ: ಬರುತ್ತದೆ. 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಅಂತ ಒಂದೇ ನಮೂನೆಯ ಪಾಲಿಸಿ ಬಂದಿದೆ. ಬಿರುಗಾಳಿ, ಚಂಡಮಾರುತ, ನೆರೆ, ಗುಡ್ಡ ಕುಸಿತ, ಸಿಡಿಲು ಎಲ್ಲ ಅದರೊಳಗಿದೆ. ಕಟ್ಟಡಕ್ಕೆ ಮಾಡಿಸಿದ ಮೊತ್ತದ ಶೇಕಡ 20ರಷ್ಟು, ಹತ್ತು ಲಕ್ಷದವರೆಗೆ, ಮನೆಯ ಸಾಮಾನಿಗೂ ತಾನಾಗಿ ಸೇರುತ್ತದೆ. ಜಾಗದ ರೇಟು ಸೇರಿಸಿ ಬರೆಸಬೇಡಿ, ಮನೆ ತಿರುಗಿ ಕಟ್ಟಲು ತಗಲುವ ಖರ್ಚು ಮಾತ್ರ ಲೆಕ್ಕ. ಉಪ್ಪುಗಾಳಿಗೆ ಗೇಟು ತುಕ್ಕು ಹಿಡಿದದ್ದು, ಗೋಡೆಗೆ ಬೂಷ್ಟು ಬಂದದ್ದು ಇದರಲ್ಲಿ ಬರುವುದಿಲ್ಲ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಗಾಳಿ ನಿಂತ ಮೇಲೆ ಅಂಗಳ ಗುಡಿಸಿ, ಒಡೆದ ಹಂಚೆಲ್ಲ ರಾಶಿ ಹಾಕಿ, ಆಮೇಲೆ ಫೋಟೊ ತೆಗೆದೆ. ನೋಡಲು ಬಂದವರು ‘ಅಮ್ಮಾ, ಇಷ್ಟು ಚೊಕ್ಕ ಇದೆಯಲ್ಲ’ ಅಂದರು. ದುಡ್ಡು ಬರಲು ಐದು ತಿಂಗಳು ಹಿಡಿಯಿತು. ಮೊದಲು ಫೋಟೊ, ಆಮೇಲೆ ಹಿಡಿಸೂಡಿ.

ಪ್ರಶ್ನೆ: ಬೆಂಗಳೂರಿನ ಫ್ಲ್ಯಾಟ್ ಮಾರಿ ಬೈಂದೂರು ಕಡೆ ಸೀ ಫೇಸಿಂಗ್ ಸೈಟ್ ತೆಗೆದುಕೊಳ್ಳುವ ಯೋಚನೆ ಇದೆ. ಡಿಸೆಂಬರ್‌ನಲ್ಲಿ ನೋಡಿ ಬಂದೆವು, ಸ್ವರ್ಗ! ಮುಂದುವರಿಯಬಹುದಾ?
– ದಂಪತಿ, ಬೆಂಗಳೂರು

ಉತ್ತರ: ಡಿಸೆಂಬರ್‌ನಲ್ಲಿ ನಮ್ಮ ಕರಾವಳಿ ಹೆಣ್ಣು ನೋಡಲು ಬಂದ ದಿನದ ಹಾಗಿರುತ್ತದೆ. ಮೇ ತಿಂಗಳಲ್ಲಿ ಬನ್ನಿ. ಆಮೇಲೆ ಜುಲೈಯಲ್ಲಿ ಬನ್ನಿ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆಯ ನಾಲ್ಕು ಪಟ್ಟು ಇಲ್ಲಿ ಬೀಳುತ್ತದೆ. ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಮೇಲಿನಿಂದ ಬೀಳುತ್ತದೆ ಅಂತ ನೀವು ತಿಳಿದಿರಬಹುದು. ಕಡಲ ಬದಿಯಲ್ಲಿ ಅದು ಅಡ್ಡಡ್ಡ ಬರುತ್ತದೆ. ಇರಿಚಲು ಅಂತೀವಿ. ಸೀ ಫೇಸಿಂಗ್ ಕಿಟಕಿ ಅಂದರೆ ಇರಿಚಲು ಫೇಸಿಂಗ್ ಕಿಟಕಿ.

ಕಾಗದದ ವಿಷಯ: ಸಿಆರ್‌ಜೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಹಳ್ಳಿಗಾಡಿನ ದಡದಲ್ಲಿ ಭರತದ ಗೆರೆಯಿಂದ (ಉಬ್ಬರದ ನೀರು ಬಂದು ಮುಟ್ಟುವ ಗೆರೆ) 200 ಮೀಟರ್ ಒಳಗೆ ಹೊಸ ಮನೆ ಕಟ್ಟುವ ಹಾಗಿಲ್ಲ. ಜನ ತುಂಬಾ ಜಾಸ್ತಿ ಇರುವ ಹಳ್ಳಿಗೆ 2019ರ ಅಧಿಸೂಚನೆ ಅದನ್ನು 50ಕ್ಕೆ ಇಳಿಸಿದೆ. ನಿಮ್ಮ ಸೈಟು ಯಾವುದರಲ್ಲಿ ಬರುತ್ತದೆ ಅಂತ ಬ್ರೋಕರನ್ನು ಕೇಳಬೇಡಿ, ನಕ್ಷೆ ನೋಡಿ. ನದಿಬಾಯಿ ಹತ್ತಿರವಾದರೆ ಇನ್ನೂ ಹುಷಾರು, ಅಲ್ಲಿ ದಡವೇ ಜಾಗ ಬದಲಿಸುತ್ತದೆ. ಪಕ್ಕದ ಮನೆಯ ಗೇಟಿನ ಹಿಂಜಸ್ ಮುಟ್ಟಿ ನೋಡಿ, ಅದು ನಿಮ್ಮ ಫ್ರಿಜ್ಜಿನ, ಎಸಿಯ ಜಾತಕ ಹೇಳುತ್ತದೆ. ಆ ಮನೆಯ ಹೆಂಗಸರ ಹತ್ತಿರ ‘ಮೇ ತಿಂಗಳಲ್ಲಿ ನಿಮ್ಮ ಬಾವಿ ನೀರಲ್ಲಿ ಬೇಳೆ ಬೇಯುತ್ತಾ?’ ಅಂತ ಕೇಳಿ. ನಕ್ಕರೆ ಬಾವಿಗೆ ಉಪ್ಪುನೀರು ಬರುತ್ತದೆ ಅಂತ ಅರ್ಥ, ಸೈಟು ಬೇಡ.

ಇಷ್ಟಾದ ಮೇಲೂ ಆಸೆ ಉಳಿದಿದ್ದರೆ ಒಂದು ಪೂರ್ತಿ ವರ್ಷ ಬಾಡಿಗೆಗೆ ಬನ್ನಿ. ಬೆಂಗಳೂರಿನ ಫ್ಲ್ಯಾಟ್ ಅಲ್ಲಿಯವರೆಗೆ ಮುಟ್ಟಬೇಡಿ.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ‘ಎಪ್ಪತ್ತು ದಾಟಿದವರಿಬ್ಬರೇ ಕಡಲ ಬದಿಯಲ್ಲಿ ಇರಬೇಡಿ’ ಅಂತ ಬರೆದಿರಿ. ಸುಮ್ನೆ ಹೆದರಿಸುತ್ತೀರಿ. ನಮ್ಮ ಅಜ್ಜ ಮಲ್ಪೆಯ ಹತ್ತಿರ ಇದೇ ಜಾಗದಲ್ಲಿ 91 ವರ್ಷ ಬದುಕಿದರು. ಎಸಿ ಇತ್ತಾ? ಇನ್ವರ್ಟರ್ ಇತ್ತಾ?
– ಕೋಪಗೊಂಡ ಓದುಗ

ಉತ್ತರ: ನಿಮ್ಮ ಕೋಪ ನನಗೆ ಇಷ್ಟವಾಯಿತು. ನಿಮ್ಮ ಅಜ್ಜನ ಬಗ್ಗೆಯೇ ಮಾತಾಡೋಣ.

ಮೊದಲು ಕಡಲು. ಅಜ್ಜನ ಕಾಲದಲ್ಲಿ ಚಂಡಮಾರುತ ಅಂದರೆ ಹೆಚ್ಚಾಗಿ ಬಂಗಾಳ ಕೊಲ್ಲಿಯ ಸುದ್ದಿ, ರೇಡಿಯೊದಲ್ಲಿ ಕೇಳಿ ‘ಪಾಪ’ ಅನ್ನುವಂಥದ್ದು. ಈಗ ಅರಬ್ಬಿ ಸಮುದ್ರದ ನೀರೇ ಬಿಸಿಯಾಗಿದೆ, ಚಂಡಮಾರುತಕ್ಕೆ ಆ ಬಿಸಿಯೇ ಊಟ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್, ಅದು ಮುಗಿಯುವ ಮುಂಚೆ ಮಹಾ. 2021ರಲ್ಲಿ ತೌಕ್ತೆ. 2023ರ ಜೂನ್‌ನಲ್ಲಿ ಬಿಪರ್‌ಜಾಯ್. ಒಂದೂ ಕರ್ನಾಟಕದ ದಡ ಹತ್ತಲಿಲ್ಲ, ನಿಜ. ನಮ್ಮ ಪುಣ್ಯ. ಹತ್ತದೆಯೇ ಕಡಲು ಎಷ್ಟು ತೆಂಗಿನ ತೋಟ ತಿಂದಿತು ಅಂತ ಉಳ್ಳಾಲ, ಸೋಮೇಶ್ವರದವರನ್ನು ಕೇಳಿ.

ಆಮೇಲೆ ಮನೆ. ನಮ್ಮ ಹಿರಿಯರು ಕಡಲು ಕಾಣಲಿ ಅಂತ ಮನೆ ಕಟ್ಟಿದವರಲ್ಲ. ನಮ್ಮ ತವರಿನಲ್ಲಿ ಮನೆಗೂ ಕಡಲಿಗೂ ನಡುವೆ ಇಡೀ ಒಂದು ತೋಟ ಇತ್ತು. ಕೆಂಪುಕಲ್ಲಿನ ದಪ್ಪ ಗೋಡೆ, ಸಣ್ಣ ಕಿಟಕಿ, ತಲೆ ಬಗ್ಗಿಸಿ ಒಳಗೆ ಹೋಗುವಷ್ಟು ತಗ್ಗಿದ ಮಾಡು. ಗಾಳಿಗೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಜಗುಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ ಮುಗಿದಿರುತ್ತಿತ್ತು. ಮಾಡಿನ ಹಂಚಿನ ಸಂದಿಯಿಂದ ಬಿಸಿ ಮೇಲಕ್ಕೆ ಹೋಗುತ್ತಿತ್ತು. ನಾವು ಕೋಟೇಶ್ವರದಲ್ಲಿ ಕಟ್ಟಿಸಿದ್ದೇನು? ಕಾಂಕ್ರೀಟ್ ತಾರಸಿ, ಪಶ್ಚಿಮಕ್ಕೆ ಎಂಟು ಅಡಿ ಗಾಜು. ಸಂಜೆ ಐದಕ್ಕೆ ಆ ಹಾಲಿನಲ್ಲಿ ಹಪ್ಪಳ ಒಣಗಿಸಬಹುದಿತ್ತು, ಹವೆ ಒಣಗಿದ್ದರೆ.

ಇನ್ನು ಎಸಿ, ಇನ್ವರ್ಟರ್ ಅಂದಿರಿ. ಅಜ್ಜನಿಗೆ ಅದು ಬೇಕಿರಲಿಲ್ಲ, ಒಪ್ಪಿದೆ. ಅವರ ಮನೆಯಲ್ಲಿ ಗಾಳಿ ಬಂದ ರಾತ್ರಿ ಎಷ್ಟು ಜನ ಇರುತ್ತಿದ್ದರು? ನಮ್ಮ ತವರಿನಲ್ಲಿ ಹದಿಮೂರು. ಮರ ಬಿದ್ದರೆ ಕಡಿಯಲು ಅಣ್ಣಂದಿರು, ಅಜ್ಜಿಗೆ ಉಬ್ಬಸ ಬಂದರೆ ಬೆನ್ನು ನೀವಲು ದೊಡ್ಡಮ್ಮ, ಪಂಡಿತರನ್ನು ಕರೆತರಲು ಆಳು. ನೀವು ಪತ್ರದಲ್ಲಿ ಅಜ್ಜನ ವಯಸ್ಸು ಬರೆದಿದ್ದೀರಿ. ಆ ಮನೆಯಲ್ಲಿ ಈಗ ರಾತ್ರಿ ಮಲಗುವವರು ಎಷ್ಟು ಜನ ಅಂತ ಬರೆದಿಲ್ಲ. ಇನ್ನೊಂದು ಪತ್ರ ಹಾಕಿ. ಹೆಸರೂ ಬರೆಯಿರಿ, ಕೋಪಕ್ಕೆ ನಾಚಿಕೆ ಯಾಕೆ?